ಸಿದ್ದಾರೂಢನ ತಲೆಯ ಫೋಟೋ

ಲಕೋಟೆ ಇತ್ತು. ಒಳಗಿನ ಫಿಲ್ಮ್ ಇರಲಿಲ್ಲ.

ಸುನಂದಾ ಅದನ್ನು ತಲೆಕೆಳಗು ಮಾಡಿ ಜಾಡಿಸಿದಳು. ಒಂದು ಹಾಳೆ ಮೇಜಿನ ಮೇಲೆ ಬಿತ್ತು. ತಲೆಯ ಸ್ಕ್ಯಾನ್ ನೋಡಿ ಸೊಲ್ಲಾಪುರದ ಡಾಕ್ಟರು ಬರೆದ ರಿಪೋರ್ಟು. ಅಷ್ಟೇ.

“ಬುಧವಾರ ಮಧ್ಯಾಹ್ನ ನನ್ನ ಕೈಯಾಗ ಇತ್ತರಿ ಬಾಯಾರ. ಇವತ್ತ ತಗದು ನೋಡಿದ್ರ ಬರೇ ಲಕೋಟಿ.”

ನಾನು ಇದನ್ನೆಲ್ಲ ನೋಡಿದ್ದು ಹಲಗೆ ಗೋಡೆಯ ಸಂದಿಯಿಂದ. ಮುದ್ದೇಬಿಹಾಳ ಕೋರ್ಟಿನ ಎದುರು ನನ್ನ ಆಫೀಸು. ಅದಕ್ಕೆ ಅಂಟಿಕೊಂಡು ದಾನೇಶ್ವರಿಯ ಆಫೀಸು. ನಾನು ಹಂಗರಗಿ ವಕೀಲ, ಕರಿಕೋಟು ಹಾಕಿ ಇಪ್ಪತ್ತೆರಡು ವರ್ಷ. ಅವಳು ಬಂದು ಮೂರು ವರ್ಷ. ಆದರೂ 1999ರ ಆ ಆಗಸ್ಟಿನಲ್ಲಿ ಇಂಡಿ, ಸಿಂದಗಿ ಕಡೆಯಿಂದಲೂ ಜನ ಬಸ್ಸು ಹತ್ತಿ ಬಂದು ಅವಳ ಬಾಗಿಲನ್ನೇ ಕೇಳುತ್ತಿದ್ದರು. ತಲೆಗೆ ಪೆಟ್ಟು ಬಿದ್ದವರ ಕೇಸಿಗೆ ಅವಳೇ ಬೇಕು. ಪುಕ್ಕಟೆ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ಅವಳ ಹೆಸರಿತ್ತು, ನನ್ನದಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು? ನನಗೂ ಹೊಸ ಫೈಲು ಬರುತ್ತಿರಲಿಲ್ಲವೆಂದಲ್ಲ. ಹಿಂದಿನ ದಿನ ತಾನೇ ಒಂದು ಬಂದಿತ್ತು. ಆದರೆ ಅವಳ ಬೆಂಚಿನ ಮೇಲೆ ಕೂತವರನ್ನು ನಾನು ದಿನಾ ಎಣಿಸುತ್ತಿದ್ದೆ.

ಸುನಂದಾಳ ಕೇಸು ಊರಿಗೇ ಗೊತ್ತಿತ್ತು. ಹಿಂದಿನ ವರ್ಷ ಬಸವನ ಬಾಗೇವಾಡಿ ರಸ್ತೆಯಲ್ಲಿ ಬಾಡಿಗೆಯ ಟ್ರ್ಯಾಕ್ಸ್ ಜೀಪು ಮಗುಚಿತ್ತು. ಅವಳ ಮುಂಗೈ ಮುರಿಯಿತು. ಗಂಡ ಸಿದ್ದಾರೂಢನ ತಲೆಗೆ ಪೆಟ್ಟು. ಒಂಬತ್ತು ದಿನ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವುದರಲ್ಲಿ ಹೆಸರಾದವನು. ಈಗ ಕೂತರೆ ಎಷ್ಟು ಸುತ್ತು ಸುತ್ತಿದೆನೆಂದು ಮರೆಯುತ್ತಾನೆ. ತಂತಿ ಕಿತ್ತೆಸೆಯುತ್ತಾನೆ. ಹೆಂಡತಿಯ ಮೇಲೆ ಕೈಯೆತ್ತಿ ಆಮೇಲೆ ತಾನೇ ಅಳುತ್ತಾನೆ.

ಮೈಮೇಲೆ ಮಾತ್ರ ಒಂದು ಗಾಯವೂ ಕಾಣುವುದಿಲ್ಲ. ವಿಮಾ ಕಂಪನಿಯ ವಕೀಲ ಅದನ್ನೇ ಹಿಡಿದಿದ್ದ. ಇವನು ನಾಟಕ ಮಾಡುತ್ತಿದ್ದಾನೆ ಎನ್ನುವುದು ಅವನ ವಾದ. ಸೋಮವಾರ ಸೊಲ್ಲಾಪುರದ ಡಾಕ್ಟರ ಸಾಕ್ಷಿ. ಫಿಲ್ಮ್ ಎದುರಿಗಿಲ್ಲದೆ ಒಂದು ಮಾತೂ ಹೇಳುವುದಿಲ್ಲ ಎಂದಿದ್ದರು ಅವರು. ಆಸ್ಪತ್ರೆಯಲ್ಲಿ ಬೇರೆ ಪ್ರತಿಯೂ ಇಲ್ಲ. ಇವತ್ತು ಶುಕ್ರವಾರ. ಫಿಲ್ಮ್ ಸಿಗದಿದ್ದರೆ ಸಿದ್ದಾರೂಢ ಬದುಕಿರುವವರೆಗೆ ಸುಳ್ಳುಗಾರ, ಅವನ ಮನೆಗೆ ಪರಿಹಾರವೂ ಇಲ್ಲ, ಆಸರೆಯೂ ಇಲ್ಲ.

ನಾನು ಎದ್ದು ಆಚೆ ಹೋದೆ.

“ಏನಾತು ದಾನೇಶ್ವರಿ? ನನ್ನಿಂದ ಏನರ ಆಗೂದಿದ್ರ ಹೇಳವಾ.”

“ಬರ್ರಿ ಸರ್. ಮನಿ ನೋಡಿ ಬರೂಣು.”

ನೆರವಿಗೆಂದು ಹೋಗಲಿಲ್ಲ. ಅವಳು ಸೋಲುವುದನ್ನು ಹತ್ತಿರದಿಂದ ನೋಡಬೇಕಿತ್ತು.

* * *

ಎರಡು ಕೋಣೆಯ ಮನೆ. ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ. ಸಿದ್ದಾರೂಢ ಮೂಲೆಯಲ್ಲಿ ಕೂತಿದ್ದ. ನನ್ನ ಕರಿಕೋಟು ಕಂಡದ್ದೇ ಹೋ ಎಂದು ಕಿರುಚಿದ. ಸುನಂದಾ ಓಡಿಹೋಗಿ ಅವನ ಬೆನ್ನು ನೇವರಿಸಿದಳು.

“ಫಿಲ್ಮ್ ಎಲ್ಲಿಡತಿದ್ರಿ?” ದಾನೇಶ್ವರಿ ಕೇಳಿದಳು.

“ಟ್ರಂಕಿನ್ಯಾಗರಿ. ಬುಧವಾರ ಗ್ರಹಣ ಇತ್ತಲ್ರಿ, ತೌಸಿಫ ಮಾಸ್ತರ ಓಣಿ ತುಂಬ ಹಳೇ ಎಕ್ಸರೇ ಕೇಳಕೋತ ಬಂದಿದ್ರು. ಸಾಲಿ ಹುಡುಗುರಿಗೆ ಗ್ರಹಣ ತೋರಸಾಕ. ನಾನೂ ಬಾಗಲದಾಗ ನಿಂತು ಇದನ್ನ ತಗದು ಕೊಟ್ಟೆ. ಅವರು ನೋಡಿ, ಇದು ಕೋರ್ಟಿಂದು, ಜ್ವಾಕಿ ಇಡವಾ ಅಂತ ವಾಪಸ್ ಕೊಟ್ರು. ಅಡಗಿ ಅವಸರದಾಗ ಈ ಮಾಡದಾಗ ಇಟ್ಟುಬಿಟ್ಟೆ.”

“ಆವಾಗ ಬಾಗಲದಾಗ ಬ್ಯಾರೆ ಯಾರಿದ್ರು?”

“ನಳದ ಮುಂದ ಓಣಿ ಹೆಣ್ಮಕ್ಕಳೆಲ್ಲ ಇದ್ರು. ಎಲ್ಲಾರೂ ನೋಡಿದ್ರು. ಹಿಂಗಿರತೈತೇನ ತಲಿ ಫೋಟೋ ಅಂದ್ರು.”

“ಗ್ರಹಣದಾಗ ನೀವೆಲ್ಲಿದ್ರಿ?”

“ತಂಗಿ ಬಸರಿ. ಹೆರಿಗಿಗೆ ಬಂದಾಳ. ಅಕಿನ್ನ ಕರಕೊಂಡು ಒಳಗಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ಕುಂತಿದ್ದೆ. ಇವರು ಬಾಗಲಾ ಹಾಕಿದ್ರ ತಲಿ ಚಚ್ಕೋತಾರ. ಇಲ್ಲೇ ಬಿಟ್ಟಿದ್ದೆ, ಹೊರಬಾಗಲಾ ತೆರದ.”

ನಾನು ಗಂಟಲು ಸರಿ ಮಾಡಿಕೊಂಡೆ.

“ಇದರಾಗ ಹುಡಕೂದೇನೈತಿ? ವಿಮಾ ಕಂಪನಿ ಮನಶ್ಯಾ ಸೋಮವಾರ ಈ ಓಣ್ಯಾಗ ಸ್ಕೂಟರ್ ಮ್ಯಾಲ ಅಡ್ಡಾಡಿದ್ದ. ಸಿದ್ದಾರೂಢ ದುಡಿತಾನೇನು ಅಂತ ಚಾದಂಗಡ್ಯಾಗ ಕೇಳಿದ್ದ. ಅವಂದ ಕೆಲಸ.”

“ಅವ ಆಗಿದ್ರ ರಿಪೋರ್ಟ್ ಯಾಕ ಬಿಟ್ಟುಹೋಕ್ಕಿದ್ದ ಸರ್? ಅದರಾಗ ಎಲ್ಲಾ ಬರದೈತಿ. ಅವನ ಕಂಪನಿಗೆ ಅದೂ ಮುಳ್ಳ. ಕಳ್ಳರಿಗೆ ಬೇಕಾಗಿದ್ದು ಬರೇ ಚಿತ್ರ.”

“ಹಂಗಾದ್ರ ಮಾಸ್ತರ. ಗ್ರಹಣ ನೋಡಾಕ ಒಯ್ದಾನ.”

ತೌಸಿಫ ಮಾಸ್ತರರನ್ನೂ ಕಂಡೆವು. ಗ್ರಹಣ ಹಿಡಿದಾಗಿನಿಂದ ಬಿಡುವವರೆಗೆ ಅವರು ಹೈಸ್ಕೂಲು ಮೈದಾನದಲ್ಲಿದ್ದರು. ಅರವತ್ತು ಮಕ್ಕಳು, ಹೆಡ್‌ಮಾಸ್ತರು, ಎಲ್ಲರೂ ಸಾಕ್ಷಿ.

“ಆ ಫಿಲ್ಮಿನ್ಯಾಗ ಹದಿನಾರು ಸಣ್ಣ ಸಣ್ಣ ಚಿತ್ರ ಅದಾವ್ರಿ. ಸೂರ್ಯನ್ನ ಹ್ಯಾಂಗ ನೋಡೂದು?” ಎಂದು ನಕ್ಕರು.

ನನ್ನ ಎರಡೂ ಊಹೆಗಳು ನೆಲ ಕಚ್ಚಿದವು. ದಾನೇಶ್ವರಿ ನನ್ನ ಮುಖ ನೋಡಲಿಲ್ಲ. ನೋಡಿ ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

* * *

ಮತ್ತೆ ಸುನಂದಾಳ ಮನೆ.

“ಗ್ರಹಣ ಬಿಟ್ಟ ಮ್ಯಾಲ ನೀವು ಹೊರಗ ಬಂದ್ರಿ. ಯಜಮಾನ್ರು ಏನ್ ಮಾಡಾಕತ್ತಿದ್ರು?”

ಸುನಂದಾಳ ಕಣ್ಣು ತುಂಬಿತು. “ಸುಮ್ಮ ಕುಂತಿದ್ರಿ ಬಾಯಾರ. ಒಂದು ತಾಸಿನ ಮ್ಯಾಲ ಒಂದು ಕೂಗಿಲ್ಲ, ಒದರಿಲ್ಲ. ಪೆಟ್ಟು ಬಿದ್ದ ಮ್ಯಾಲ ಅದ ಮೊದಲ. ದೇವರ ಕಣ್ಣು ತೆರದ ಅಂತ ಅತ್ತುಬಿಟ್ಟೆ.”

“ಸುಮ್ಮ ಕುಂತು ಏನ್ ಮಾಡಾಕತ್ತಿದ್ರು?”

“ಮೊರದಾಗ ಕಾಳು ಹಸನ ಮಾಡಾಕತ್ತಿದ್ರು. ಜ್ವಾಳ ತೊಗರಿ ಕೂಡಿದ್ದು. ಜ್ವಾಳ ಒಂದು ಕಡೆ, ತೊಗರಿ ಒಂದು ಕಡೆ. ಏನ್ ಚಂದ ಬ್ಯಾರೆ ಮಾಡಿದ್ರಂತೀರಿ!”

“ಕಾಳು ನೀವು ಕೊಟ್ಟಿದ್ರಿ?”

“ಇಲ್ಲರಿ. ಮೊರ ನಮ್ಮದ. ತೊಗರಿ ಕಾಳು ನಮ್ಮನ್ಯಾಗ ಇಲ್ಲ, ಬ್ಯಾಳಿ ಐತಿ. ಬಾಜೂಕಿನ ಸೈದಾಬಿ ಕೊಟ್ಟಿರಬೇಕು ಅಂದ್ಕೊಂಡೆ.”

ದಾನೇಶ್ವರಿ ಆ ಮೊರ ತರಿಸಿದಳು. ಬಹಳ ಹೊತ್ತು ನೋಡಿದಳು. ಎರಡು ಹಿಡಿ ಕಾಳಿನಲ್ಲಿ ಏನು ನೋಡುವುದಿದೆಯೋ ಎಂದು ನಾನು ಗಡಿಯಾರ ನೋಡಿದೆ.

ಬಳೆ ಮಾರುವ ಸೈದಾಬಿ ಬಾಗಿಲಲ್ಲೇ ಸಿಕ್ಕಳು. “ನಾ ಯಾಕ ಕಾಳು ಕೊಡ್ಲಿ ತಾಯಿ? ಆ ಹೊತ್ತಿನ್ಯಾಗ ನಾನೂ ನಮ್ಮ ಸೊಸಿ ನಜಮಾನೂ ನಮಾಜಿಗೆ ಕುಂತಿದ್ದವಿ.”

“ಆ ಟ್ರ್ಯಾಕ್ಸಿನ್ಯಾಗ ನಿಮ್ಮ ಓಣ್ಯಾವ್ರು ಬ್ಯಾರೆ ಯಾರರ ಇದ್ರೇನು?”

“ಹಿಂದಿನ ಓಣಿ ಬಸಂತರಾಯ ಇದ್ದ. ಅವಗೂ ತಲಿಗೆ ಬಡದಿತ್ತು. ಆದ್ರ ಎದ್ದು ಮೈ ಜಾಡಿಸ್ಕೊಂಡು ನಡಕೋತ ಮನಿಗೆ ಬಂದ. ದವಾಖಾನಿ ಇಲ್ಲ, ಪೊಲೀಸ್ ಇಲ್ಲ. ತಿಂಗಳಾದ ಮ್ಯಾಲ ಒಂದ ನಮೂನಿ ಆದ. ಗಾಳಿ ಸೋಕೇತಿ ಅಂದ್ರು ಮಂದಿ. ಹೇಣ್ತಿ ಕಸ್ತೂರೆವ್ವ ಯಾರ ಮುಂದೂ ಬಾಯಿ ಬಿಡೂದಿಲ್ಲ.”

ನಾನು ಅಲ್ಲೇ ನಿಂತೆ. ಕಸ್ತೂರೆವ್ವ. ಹಿಂದಿನ ದಿನ ನನಗೆ ಬಂದ ಹೊಸ ಫೈಲಿನ ಮೇಲೆ ನಾನೇ ಬರೆದ ಹೆಸರು.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಾಕತಾಳೀಯ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡು ದಾನೇಶ್ವರಿ, ಸುನಂದಾ ಇಬ್ಬರ ಹಿಂದೆ ನಡೆದೆ.

* * *

ಕಸ್ತೂರೆವ್ವನ ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲೆ ಬಸಂತರಾಯ. ಎದುರಿಗೆ ಮೊರ. ಮೊರದಲ್ಲಿ ಜೋಳ, ತೊಗರಿ. ಒಂದೊಂದೇ ಕಾಳು ಎತ್ತಿ ಬೇರೆ ಇಡುತ್ತಿದ್ದ. ನಮ್ಮ ಕಡೆ ತಲೆಯೆತ್ತಲಿಲ್ಲ.

ಸುನಂದಾ ಬಗ್ಗಿ ಆ ಮೊರವನ್ನೇ ನೋಡಿದಳು.

“ಬುಧವಾರ ಸಿದ್ದಾರೂಢನ ಮುಂದ ಕಾಳು ಸುರುವಿದವರು ನೀವ ಹೌದಲ್ರಿ?” ದಾನೇಶ್ವರಿಯ ದನಿಯಲ್ಲಿ ಗದರಿಕೆ ಇರಲಿಲ್ಲ. “ಹೊಸ ಮನಶ್ಯಾರ ಕಂಡ್ರ ಅವ ಒದರ್ತಾನ. ಅವನ್ನ ಸುಮ್ಮ ಕುಂದ್ರಸೂದು ಡಾಕ್ಟರಗೂ ಆಗಿಲ್ಲ, ಹೇಣ್ತಿಗೂ ಆಗಿಲ್ಲ. ಕೈಗೆ ಕೆಲಸ ಕೊಟ್ರ ತಲಿ ತಣ್ಣಗಾಗತೈತಿ ಅನ್ನೂದು, ಅಂಥಾವನ್ನ ಮನ್ಯಾಗ ಇಟ್ಕೊಂಡು ಸಾಕಿದವರಿಗಷ್ಟ ಗೊತ್ತಿರತೈತಿ. ಅದಕ್ಕ ಆ ಟ್ರ್ಯಾಕ್ಸಿನ್ಯಾಗ ಮತ್ತ್ಯಾರ ತಲಿಗೆ ಬಡದಿತ್ತು ಅಂತ ಕೇಳಿದೆ. ರಿಪೋರ್ಟಿನ ಮ್ಯಾಲ ಸಿದ್ದಾರೂಢನ ಹೆಸರೈತಿ, ಅದು ನಿಮಗ ಬ್ಯಾಡಾಗಿತ್ತು. ಚಿತ್ರ ಅಷ್ಟ ಬೇಕಾಗಿತ್ತು. ಎಲ್ಲೈತಿ?”

ಕಸ್ತೂರೆವ್ವ ಅಳಲಿಲ್ಲ. ಬೆರಳು ಎತ್ತಿ ನನ್ನನ್ನು ತೋರಿಸಿದಳು.

“ಇವರ ಕಪಾಟದಾಗ ಐತಿ.”

ದಾನೇಶ್ವರಿ ತಿರುಗಿದಳು. ಸುನಂದಾ ತಿರುಗಿದಳು. ಎಲ್ಲಿ ನೋಡಬೇಕೋ ನನಗೆ ತಿಳಿಯಲಿಲ್ಲ.

“ಎರಡು ಸಲ ಇವರ ಕಡೆ ಹೋಗಿದ್ದೆರಿ. ಕಾಗದ ಐತೇನು ಅಂದ್ರು. ಇಲ್ಲಂದೆ. ತಲಿ ಫೋಟೋ ಐತೇನು ಅಂದ್ರು. ಇಲ್ಲಂದೆ. ಫೋಟೋ ತಗೊಂಡ್ ಬಾ, ಕೇಸ್ ಹಾಕೂಣು ಅಂದ್ರು. ಬುಧವಾರ ನಳದ ಮುಂದ ನಿಂತಾಗ ಇಕಿ ಅದನ್ನ ಮಾಡದಾಗ ಇಟ್ಟಿದ್ದು ನೋಡಿದ್ದೆ, ತಗೊಂಡ್ ಹ್ವಾದೆ. ಹೆಸರಿದ್ದ ಅಂಚು ಕತ್ತರಿಲೆ ಕತ್ತರಸಿದೆ. ತಲಿ ಒಳಗ ಎಲ್ಲಾರದೂ ಒಂದ ನಮೂನಿ ಇರತೈತಿ ಅಂತ ತಿಳಕೊಂಡಿದ್ದೆ.”

“ಗ್ರಹಣದಾಗ ಹೊರಗ ಬರಾಕ ಅಂಜಿಕಿ ಬರ್ಲಿಲ್ಲೇನ ನಿನಗ?” ಸುನಂದಾ ಚೀರಿದಳು. “ನನ್ನ ಗಂಡನ ಬಾಳೇ ಅದರಾಗ ಇತ್ತಲ್ಲ!”

“ನಮ್ಮನಿಗೆ ಹಿಡದ ಗ್ರಹಣ ಒಂದು ವರ್ಷಾತು, ಬಿಟ್ಟಿಲ್ಲ. ಒಂದು ತಾಸಿಂದಕ್ಕ ಯಾಕ ಅಂಜ್ಲಿ?” ಕಸ್ತೂರೆವ್ವನ ದನಿ ಮೊದಲ ಸಲ ಏರಿತು. “ಹೌದು, ನಿನ್ನ ನೋಡಿ ಹೊಟ್ಟಿ ಉರಿತಿತ್ತು. ನಿನ್ನ ಬಾಗಲಕ್ಕ ವಕೀಲರು ಬರ್ತಾರ, ಮಾಸ್ತರ ಬರ್ತಾರ, ಹ್ಯಾಂಗದಾನವಾ ಅಂತ ಓಣಿ ಎಲ್ಲಾ ಕೇಳತೈತಿ. ನನ್ನ ಬಾಗಲಕ್ಕ ಬಂದವರು ಗಾಳಿ ಬಿಡಿಸ್ಕೊ ಅಂತ ಹೇಳಿ ಹೋಗ್ತಾರ. ನಿನ್ನ ಗಂಡನ ತಲಿ ಫೋಟೋದಾಗ ಐತಿ. ನನ್ನ ಗಂಡಂದು ನನ್ನ ಕಣ್ಣಾಗಷ್ಟ ಐತಿ. ಅದನ್ನ ಯಾವ ಕೋರ್ಟ್ ನೋಡತೈತಿ? ಸಾಕ್ಷಿ ಹೇಳವಾ ಅಂತ ನಿನ್ನ ಕಾಲಿಗೆ ಬಿದ್ದೆ. ಇವನೂ ಗಾಡ್ಯಾಗ ಇದ್ದ ಅಂತ ಒಂದು ಮಾತು. ಹೇಳಿದೇನು?”

ದಾನೇಶ್ವರಿ ಸುನಂದಾಳ ಮುಖ ನೋಡಿದಳು.

“ಹೌದೇನ್ರಿ?”

“ಕೇಳಿದ್ಲರಿ,” ಸುನಂದಾ ನೆಲ ನೋಡುತ್ತ ಹೇಳಿದಳು. “ಬರೂ ಪರಿಹಾರ ಎರಡು ಭಾಗ ಆಗತೈತಿ ಅಂತ ಅಂಜಿದೆ. ಇಲ್ಲಂದೆ.”

“ಯಾರು ಹೇಳಿದ್ರು ಭಾಗ ಆಗತೈತಂತ? ಅವರವರ ಪೆಟ್ಟಿಗೆ ಅವರವರ ಪರಿಹಾರ.”

ಬಸಂತರಾಯ ಕೊನೆಯ ತೊಗರಿ ಕಾಳು ಎತ್ತಿಟ್ಟು ಹೆಂಡತಿಯ ಕಡೆ ನೋಡಿದ. ಅವಳು ಬಂದು ಎರಡೂ ರಾಶಿಯನ್ನು ಮತ್ತೆ ಕಲಸಿದಳು. ಅವನು ಮತ್ತೆ ಶುರು ಮಾಡಿದ.

ಸುನಂದಾ ಕಟ್ಟೆಯ ಮೇಲೆ ಕುಸಿದು ಕೂತಳು.

“ದಿನಾ ಹಿಂಗೇನವಾ?”

“ದಿನಾ. ಮುಂಜಾನಿಂದ ಸಂಜಿತನಕ.”

ಹೊರಗೆ ಸಿಡಿದ ಒಂದು ಕಾಳನ್ನು ಸುನಂದಾ ಎತ್ತಿ ಮೊರಕ್ಕೆ ಹಾಕಿದಳು. ಆಮೇಲೆ ದಾನೇಶ್ವರಿಗೆ ಹೇಳಿದಳು: “ಪೊಲೀಸ್ರಿಗೆ ಏನೂ ಹೇಳಬ್ಯಾಡ್ರಿ ಬಾಯಾರ. ಇವರು ಆ ಗಾಡ್ಯಾಗ ನನ್ನ ಎದರಿಗೇ ಕುಂತಿದ್ರು. ಎಲ್ಲಿ ಬೇಕಾದ್ರೂ ಹೇಳ್ತೇನಿ.”

* * *

ಕಪಾಟಿನ ಬೀಗ ತೆಗೆದು ಫೈಲು ಕೊಟ್ಟೆ. ದಾನೇಶ್ವರಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನ ಹೆಸರು ಹೋಗಿತ್ತು. ಆದರೆ ಹದಿನಾರು ಚಿತ್ರದ ಮೂಲೆಯಲ್ಲೂ ಇರುವೆಯಂಥ ಅಕ್ಷರದಲ್ಲಿ ಸಿದ್ದಾರೂಢನ ಹೆಸರು.

“ಒಮ್ಮಿಯೂ ಬೆಳಕಿಗೆ ಹಿಡದು ನೋಡ್ಲಿಲ್ಲೇನ್ರಿ ಸರ್?”

ನೋಡಿರಲಿಲ್ಲ. ನನಗೂ ಒಂದು ತಲೆಯ ಕೇಸು ಸಿಕ್ಕಿತು, ಇನ್ನು ಇವಳಿಗೆ ತೋರಿಸುತ್ತೇನೆ ಎನ್ನುವ ಸಂಭ್ರಮದಲ್ಲಿ ಫೈಲಿಗೆ ಸೇರಿಸಿಬಿಟ್ಟಿದ್ದೆ. ಕೋರ್ಟಿಗೆ ಹಾಕಿದ್ದರೆ ಎರಡೂ ಕೇಸು ಮುಳುಗುತ್ತಿದ್ದವು, ಜೊತೆಗೆ ನನ್ನ ವಕೀಲಿಕೆಯ ಸನ್ನದೂ.

“ಆ ಬಸಂತರಾಯಗ ಏನಾಗೇತಿ ಅಂತ ಕಸ್ತೂರೆವ್ವನ ಕೇಳಿದ್ರೇನು?”

“ಕಾಗದ ಕೇಳಿದೆ,” ಎಂದೆ.

ಅವಳು ಫಿಲ್ಮ್ ಲಕೋಟೆಗೆ ಹಾಕಿಕೊಂಡು ಹೋದಳು.

ಸೋಮವಾರ ಡಾಕ್ಟರು ಅದನ್ನು ಹಿಡಿದು ಒಂದೊಂದೇ ಚಿತ್ರ ತೋರಿಸಿದರು. ಇಲ್ಲಿ ರಕ್ತ ನಿಂತಿತ್ತು, ಇಲ್ಲಿ ಮಿದುಳು ಜಜ್ಜಿದೆ, ಇವನು ನಾಟಕ ಮಾಡುತ್ತಿಲ್ಲ. ಜಡ್ಜರು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. ವಿಮಾ ಕಂಪನಿಯ ವಕೀಲ ಒಂದೇ ಪ್ರಶ್ನೆ ಕೇಳಿ ಕೂತುಬಿಟ್ಟ.

ಮಂಗಳವಾರ ಕಸ್ತೂರೆವ್ವ ನನ್ನ ಆಫೀಸಿಗೆ ಬಂದಳು. ಬಸಂತರಾಯನನ್ನು ಸ್ಕ್ಯಾನಿಗೆ ಸೊಲ್ಲಾಪುರಕ್ಕೆ ಕರೆದೊಯ್ಯುವ ಏರ್ಪಾಡಾಗಿತ್ತು. ಜೊತೆಗೆ ಸುನಂದಾ ಹೊರಟಿದ್ದಳು. ಕಸ್ತೂರೆವ್ವನ ಕೈಯಲ್ಲಿ ದಾನೇಶ್ವರಿಯ ಹೆಸರಿನ ಹೊಸ ವಕಾಲತ್ತು. ಕೇಸು ಕೈ ಬದಲಾಗಬೇಕಾದರೆ ಹಳೆಯ ವಕೀಲ ತನ್ನ ತಕರಾರಿಲ್ಲವೆಂದು ಸಹಿ ಹಾಕಬೇಕು.

ಇದೂ ಅವಳಿಗೇ. ಎದೆಯಲ್ಲಿ ಅದೇ ಕಿಚ್ಚು ಎದ್ದಿತು. ಪೆನ್ನು ಕೈಯಲ್ಲಿ ಹಿಡಿದು ತಡ ಮಾಡಿದೆ.

“ನಿಮ್ಮ ಯಜಮಾನ್ರು ಹ್ಯಾಂಗದಾರವಾ?” ಎಂದು ಕೇಳಿದೆ.

ಕಸ್ತೂರೆವ್ವ ನನ್ನ ಮುಖವನ್ನೇ ನೋಡಿದಳು.

“ಈಗ ಕೇಳ್ತೀರೇನ್ರಿ?” ಅಂದಳು. “ಸಹಿ ಮಾಡ್ರಿ. ಬಸ್ಸಿಗೆ ಹೊತ್ತಾತು.”

ಸಹಿ ಮಾಡಿದೆ.