ಅಲೆಗಳ ಮಧ್ಯೆ ಅವನ ಕೈ

"ತಲೆ ಕೊರೆಯೋದಿದ್ರೆ ಈಗಲೇ ಹೇಳಿಬಿಡಿ. ಕೊರೆಯೋದ್ರಲ್ಲಿ ನಾನೂ ಏನು ಕಡಿಮೆಯಿಲ್ಲ!"

ಬಡಗಿ ಹುಡುಗಿ ಮುಖ ಗಂಟಿಕ್ಕಿಕೊಂಡು ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತಿದ್ದಳು. ವೈರುಗಳ ಟೋಪಿ ಹಿಡಿದು ನಿಂತಿದ್ದ ಟೆಕ್ನಿಷಿಯನ್ ನಕ್ಕುಬಿಟ್ಟ.

"ಒಂದು ಸೂಜಿಯೂ ಚುಚ್ಚಲ್ಲ ರೀ. ಫಿಟ್ಸ್ ಬಂದಾಗ ಮೆದುಳಿನ ಅಲೆಗಳು ಕಂಪ್ಯೂಟರಿನಲ್ಲಿ ಕಾಣ್ತವೆ. ಅದು ಎಲ್ಲಿಂದ ಶುರುವಾಯ್ತು ಅಂತ ಗೊತ್ತಾದ್ರೆ, ಆಪರೇಷನ್ ಮಾಡಬಹುದಾ ಅಂತ ಡಾಕ್ಟರ್ ಹೇಳ್ತಾರೆ."

ಗರಗಸದ ಮಷೀನಿನ ಪಕ್ಕದಲ್ಲೇ ಅವಳು ಫಿಟ್ಸ್ ಬಂದು ಬಿದ್ದ ದಿನ ಅಪ್ಪ ವರ್ಕ್‌ಶಾಪಿಗೆ ಬೀಗ ಜಡಿದಿದ್ದ. ಅಮ್ಮ ಅವಳ ಬಾಯಿಗೇ ಬೀಗ ಜಡಿದಿದ್ದಳು. "ಯಾರ ಹತ್ರನೂ ಬಾಯಿಬಿಡಬೇಡ ಕಣೇ, ನಾಳೆ ಮದುವೆ ಆಗಬೇಕಾದವಳು!" ಅವಳಿಗೆ ಬೇಕಿದ್ದದ್ದು ಮದುವೆಯಲ್ಲ, ಆ ಗರಗಸ.

ಮಾತ್ರೆ ಕಡಿಮೆ ಮಾಡಿ ಫಿಟ್ಸ್‌ಗಾಗಿ ಕಾಯತೊಡಗಿದರು. ಕಾಯುತ್ತಾ ಕಾಯುತ್ತಾ ಅವಳೂ ಟೆಕ್ನಿಷಿಯನ್ನೂ ಜಗಳವಾಡಿದರು, ನಕ್ಕರು. ಅವನು ಬಾಗಿಲು ತೆರೆದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಕೊನೆಗೂ ಫಿಟ್ಸ್ ಬಂತು.

ಕಣ್ಣು ತೆರೆದಾಗ ಅಮ್ಮ ಅವಳ ಬಾಯಿ ಒರೆಸುತ್ತಿದ್ದಳು. ಬಾಗಿಲಾಚೆ ಅವನ ದನಿ... "ನನ್ನ ಕೈಲಾಗಲ್ಲ ಡಾಕ್ಟ್ರೇ. ಇವರಿಗೆ ಬೇರೆ ಯಾರನ್ನಾದ್ರೂ ಹಾಕಿ."

ಓಹೋ! ನೋಡಿದ, ಹೆದರಿದ. ಇವನೂ ಎಲ್ಲರ ಹಾಗೇನೇ!

ಕಣ್ಣು ತುಂಬಿತು, ಹಿಂದೆಯೇ ಸಿಟ್ಟು ಬಂತು. ಸುಧಾರಿಸಿಕೊಂಡವಳೇ, ಕೂದಲಲ್ಲಿ ವೈರುಗಳ ಅಂಟು ಇದ್ದ ಹಾಗೇ ಅವನ ಕೋಣೆಗೆ ನುಗ್ಗಿದಳು.

"ಅಸಹ್ಯ ಆಯ್ತಾ? ಮುಖಕ್ಕೇ ಹೇಳಿ!"

ಅವನು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. ಗೆರೆಗಳೆಲ್ಲ ಕಲಸಿಹೋಗಿದ್ದವು.

"ಇದು ನಿಮ್ಮ ಫಿಟ್ಸ್ ಅಲ್ಲ, ನನ್ನ ಕೈ. ನೋಡ್ಕೊಳ್ಳೋಕೆ ನರ್ಸ್ ಇದ್ರು. ನಾನು ದೂರ ನಿಂತು, ಎಚ್ಚರ ಇದೆಯಾ ಅಂತ ನಿಮ್ಮನ್ನ ಮಾತಾಡಿಸಬೇಕಿತ್ತು, ಅಷ್ಟೇ. ಓಡಿಬಂದು ತಬ್ಬಿಕೊಂಡೆ... ವೈರುಗಳು ಕಿತ್ತುಬಂದವು. ಎಲ್ಲಿ ಶುರುವಾಯ್ತು ಅನ್ನೋದೇ ಸಿಗಲಿಲ್ಲ."

"ಎಷ್ಟೋ ಜನರ ಫಿಟ್ಸ್ ನೋಡಿದವರು ನೀವು!"

"ಅವರ್ಯಾರನ್ನೂ ನಾನು ಪ್ರೀತಿಸಿರಲಿಲ್ಲ..."

ಅವಳು ಗದ್ದ ಎತ್ತಿದಳು.

"ಪ್ರೀತಿ ಆಮೇಲೆ ಮಾಡಿ. ಮೊದಲು ಟೋಪಿ ಹಾಕಿ!"

"ಮತ್ತೆ ತಪ್ಪಿದ್ರೆ?"

"ಒಂದು ಹಲಗೆ ಕೆಟ್ಟಿತು ಅಂತ ಉಳಿ ಬಿಸಾಡೋ ಮನೆತನ ನಮ್ಮದಲ್ಲ. ಫಿಟ್ಸ್ ಬೇಕಾದ್ರೆ ಇನ್ನೊಂದ್ಸಲ ಬರಲಿ, ನಾನು ಹೆದರಲ್ಲ. ಆದ್ರೆ ಇಲ್ಲಿ ನೀವೇ ಇರಬೇಕು!"

ಮತ್ತೆ ಬಂತು. ಈ ಸಲ ಅವನು ಕೈ ಕಟ್ಟಿಕೊಂಡು ನಿಂತ. "ಕೇಳಿಸ್ತಿದೆಯಾ? ಬಲಗೈ ಎತ್ತಿ... ನಾನು ಇಲ್ಲೇ ಇದೀನಿ." ಕಣ್ಣೀರು ಗದ್ದದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

ಗೆರೆಗಳು ಸ್ಪಷ್ಟವಾಗಿ ಬಂದವು. ಮೆದುಳಿನ ಸ್ಕ್ಯಾನ್ ಜೊತೆ ಹೋಲಿಸಿ ನೋಡಿದ ಡಾಕ್ಟರ್, ಎಡ ಕಿವಿಯ ಮೇಲಿನ ಪುಟ್ಟ ಜಾಗವನ್ನು ತೋರಿಸಿದರು. "ಇಲ್ಲೇ ಇದರ ಮೂಲ. ಆಪರೇಷನ್ ಮಾಡಬಹುದು."

"ಮೆಲ್ಲಗೆ ಮಾತಾಡಿ ಡಾಕ್ಟ್ರೇ, ಹೊರಗೆ ಜನ ಇದಾರೆ..." ಎಂದಳು ಅಮ್ಮ.

ಹುಡುಗಿ ಎದ್ದು ಬಾಗಿಲನ್ನು ಅಗಲವಾಗಿ ತೆರೆದಳು. "ಕೇಳಲಿ ಬಿಡಮ್ಮ! ನನಗೆ ಫಿಟ್ಸ್ ಬರುತ್ತೆ. ಕದ್ದು ತಂದಿದ್ದೇನಲ್ಲ!"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮಗಳ ಕೂದಲಿನಿಂದ ಅಂಟು ಬಿಡಿಸತೊಡಗಿದಳು.

ಕಾರಿಡಾರಿನಲ್ಲಿ ಅವನು ಕಾಯುತ್ತಿದ್ದ. ಮೊದಲ ಸಲ ಅವಳ ದನಿ ಸಣ್ಣದಾಯಿತು.

"ಆಪರೇಷನ್ ಆದ್ಮೇಲೂ ಫಿಟ್ಸ್ ಬಂದ್ರೆ?"

"ಬರಲಿ. ಆಗ ನನಗೆ ಡ್ಯೂಟಿ ಇರಲ್ಲ. ತಬ್ಬಿಕೊಳ್ತೀನಿ."

ಅವಳು ಅವನನ್ನೇ ನೋಡಿದಳು.

"ಅದಕ್ಕೆ ಫಿಟ್ಸ್ ಬರೋವರೆಗೂ ಕಾಯಬೇಕಾ?"