ಅಡುಗೆಮನೆಯ ಕಿರುಚಪ್ಪ

"ಕೀಂ! ಕೀಂ! ಕೀಂ!"

ಅಡುಗೆಮನೆಯ ಚಾವಣಿಗೆ ಅಂಟಿಕೊಂಡಿದ್ದ ಬಿಳಿ ಡಬ್ಬಿ ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಭಾಗಮ್ಮಜ್ಜಿ ಒಗ್ಗರಣೆ ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಅಪ್ಪ ಮುಖಕ್ಕೆಲ್ಲ ಸೋಪು ಬಳಿದುಕೊಂಡೇ ಬಚ್ಚಲಿಂದ ಓಡಿ ಬಂದು, ಡಬ್ಬಿಯ ಕೆಳಗೆ ನಿಂತು ಟವೆಲ್ ಬೀಸತೊಡಗಿದರು.

"ಅಜ್ಜಿ ಮತ್ತೆ ಮೆಣಸಿನಕಾಯಿ ಹಾಕ್ಬಿಟ್ಲು!" ಎಂದು ನಿಖಿತಾ ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು.

"ಒಂದೇ ಒಂದು ಕಣೇ! ಅದೂ ಮುರಿದಿದ್ದು!" ಅಜ್ಜಿಯ ಮುಖ ಚಿಕ್ಕದಾಯಿತು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುದ್ದಪ್ಪನವರ ದನಿ ಬಂತು. ಮೊದಲ ಸಲ ಡಬ್ಬಿ ಕಿರುಚಿದಾಗ ಅವರು ಪಂಚೆ ಎತ್ತಿ ಕಟ್ಟಿ, ಬಕೆಟ್ ತುಂಬ ನೀರು ಹಿಡಿದು ಓಡಿ ಬಂದಿದ್ದರು. ಈಗ ಬರುವುದಿಲ್ಲ. ಕೂತಲ್ಲಿಂದಲೇ ಅಪ್ಪನನ್ನು ಕೇಳುತ್ತಾರೆ: "ತೀರ್ಥೇಶಾ, ಇವತ್ತು ಏನ್ ಸಾರಪ್ಪಾ?"

ಈ ಡಬ್ಬಿಗೆ ಸ್ಮೋಕ್ ಡಿಟೆಕ್ಟರ್ ಎಂದು ಹೆಸರು. ಮನೆಯಲ್ಲಿ ಹೊಗೆ ತುಂಬಿದರೆ ಕೂಗಿ ಎಚ್ಚರಿಸುವುದು ಅದರ ಕೆಲಸ. ಅಮ್ಮ ಶರ್ಮಿಳಾ ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ರೂಮಿಗೊಂದು ಇಂಥದ್ದಿದೆಯಂತೆ. ಕಳೆದ ತಿಂಗಳು ಅಜ್ಜಿ ಒಲೆಯ ಮೇಲೆ ಹಾಲಿಟ್ಟು, ಜಗಲಿಯಲ್ಲಿ ಹೂ ಕಟ್ಟುತ್ತಾ ಮರೆತುಬಿಟ್ಟಿದ್ದರು. ಪಾತ್ರೆ ಕರಿಕಲಾಯಿತು. ಪುಣ್ಯಕ್ಕೆ ಬೇರೇನೂ ಆಗಲಿಲ್ಲ. ಮಾರನೇ ವಾರವೇ ಅಮ್ಮ ಡಿಟೆಕ್ಟರ್ ತಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯ ಮುನಾವರ್ ಅಂಕಲ್ ಬಂದು, ಒಲೆಯಿಂದ ದೂರವಾಗಿ, ಬಾಗಿಲ ಪಕ್ಕ ಅದನ್ನು ಕೂರಿಸಿ ಹೋದರು.

"ನನ್ನ ಕಾವಲಿಗೆ ಇಟ್ಟಿದೀರಾ?" ಎಂದು ಅಜ್ಜಿ ಅವತ್ತೇ ಮೂಗು ಮುರಿದಿದ್ದರು. ಅದು ಕಿರುಚಲು ಶುರು ಮಾಡಿದ ಮೇಲಂತೂ 'ಕಿರುಚಪ್ಪ' ಎಂದೇ ಹೆಸರಿಟ್ಟರು.

ನಿಖಿತಾ ಐದನೇ ಕ್ಲಾಸು. "ಏನೇ ಪ್ರಾಬ್ಲಮ್ ಬಂದ್ರೂ ಮೊದ್ಲು ನೋಡ್ಬೇಕು, ಆಮೇಲೆ ಬರೆದಿಡ್ಬೇಕು," ಎಂದು ಸೈನ್ಸ್ ಮಿಸ್ ಹೇಳಿದ್ದರಲ್ಲ, ಅವಳು ಹಳೆಯ ನೋಟ್‌ಬುಕ್ ಒಂದನ್ನು ತೆಗೆದು ಗೆರೆ ಎಳೆದಳು. ದಿನ, ಟೈಮ್, ಯಾರಿಂದ ಎಂದು ಮೂರು ಕಾಲಮ್. ಬರೆದಾದ ಮೇಲೆ ಫ್ರಿಜ್ಜಿನ ಮೇಲಿಡುತ್ತಿದ್ದಳು. ಎಲ್ಲ ಪತ್ತೆಯಾದ ಮೇಲೆ ಮಿಸ್‌ಗೆ ತೋರಿಸಿ ಶಭಾಷ್ ಅನ್ನಿಸಿಕೊಳ್ಳಬೇಕು, ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಅವಳ ಪ್ಲಾನು.

ಇವತ್ತಿನದೂ ಸೇರಿ ಏಳು ಸಾಲಾಯಿತು. 'ಯಾರಿಂದ' ಕಾಲಮಿನಲ್ಲಿ ಏಳು ಸಲವೂ ಒಂದೇ ಉತ್ತರ. ಅಜ್ಜಿ. ಅಜ್ಜಿ. ಅಜ್ಜಿ. ಅಜ್ಜಿ. ಅಜ್ಜಿ. ಅಜ್ಜಿ. ಅಜ್ಜಿ.

ಅವತ್ತು ಶನಿವಾರ. ಮಧ್ಯಾಹ್ನ ಅಮ್ಮ ಮೆಲ್ಲಗೆ ಹೇಳಿದರು, "ಅತ್ತೆ, ಸ್ವಲ್ಪ ದಿನ ಒಗ್ಗರಣೆ ಬಿಟ್ಬಿಡಿ. ಸಪ್ಪೆ ಊಟ ಹೊಟ್ಟೆಗೂ ಒಳ್ಳೇದು."

ರಾತ್ರಿ ಊಟಕ್ಕೆ ಕೂತಾಗ ಸಾರಿನಲ್ಲಿ ಸಾಸಿವೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಅಪ್ಪ ಒಂದು ತುತ್ತು ಬಾಯಿಗಿಟ್ಟು, ಅಮ್ಮನ ಮುಖ ನೋಡಿ, ತೆಪ್ಪಗೆ ನುಂಗಿದರು. ಬೇಳೆ ಬೇಯಿಸಿದ ನೀರು ಅಂದರೆ ನೀರೇ!

"ಸೋಮವಾರ ಬೆಳಗ್ಗೆ ಬೀರೂರು ಬಸ್ಸಿಗೆ ಹೋಗ್ತೀನಿ," ಅಜ್ಜಿ ತಟ್ಟೆ ನೋಡಿಕೊಂಡೇ ಹೇಳಿದರು. "ಅಲ್ಲಿಂದ ಸಿಂಗಟಗೆರೆಗೆ. ಕಾಮಾಕ್ಷಿ ಮನೇಲಿ ಇದ್ಬಿಡ್ತೀನಿ. ಅಲ್ಲಿ ನನ್ನ ಮೇಲೆ ಕೂಗೋರು ಯಾರೂ ಇಲ್ಲ."

ಕಾಮಾಕ್ಷಿ ಎಂದರೆ ನಿಖಿತಾಳ ಸೋದರತ್ತೆ. ಅಜ್ಜಿ ಅಲ್ಲಿಗೆ ಹಬ್ಬಕ್ಕೆ ಹೋಗುವುದುಂಟು. ಆದರೆ ಇವತ್ತು 'ಇದ್ಬಿಡ್ತೀನಿ' ಅಂದರು. ಅಜ್ಜಿ ಇಲ್ಲದೆ ನಿಖಿತಾಳಿಗೆ ಜಡೆ ಹಾಕುವವರು ಯಾರು? ಸ್ಕೂಲಿಂದ ಬಂದರೆ "ಬಂದ್ಯಾ ಮಗಾ?" ಅನ್ನುವವರು ಯಾರು?

"ಅವ್ವಾ, ಒಂದು ಡಬ್ಬಿಗೋಸ್ಕರ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ?" ಎಂದು ಅಪ್ಪ ಗೋಗರೆದರು.

ಅಜ್ಜಿ ಎದ್ದು ಕೈ ತೊಳೆದರು. ಆಮೇಲೆ ಬ್ಯಾಗಿಗೆ ಸೀರೆ ಮಡಚಿ ಇಡುವ ಸದ್ದು ಕೇಳಿತು.

ಭಾನುವಾರ ಬೆಳಗ್ಗೆ ಅಜ್ಜಿ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಹಾಲ್‌ನಲ್ಲಿದ್ದ ಫ್ರಿಜ್ಜು ಒರೆಸಿ, ಜಗಲಿಗೆ ಹೋಗಿ ಕೂತರು. ಅಪ್ಪ ಬೇಕರಿಯಿಂದ ಬ್ರೆಡ್ ತಂದರು. ಎಲ್ಲರೂ ಅದನ್ನೇ ತಿಂದರು. ಒಲೆ ಹಚ್ಚಲೇ ಇಲ್ಲ. ಅಪ್ಪ, ಅಮ್ಮ ಬಟ್ಟೆ ಒಣಹಾಕಲು ಮಹಡಿಗೆ ಹೋದರು. ನಿಖಿತಾ ಅಡುಗೆಮನೆಗೆ ನೀರು ಕುಡಿಯಲು ಬಂದಳು, ಅಷ್ಟೇ.

"ಕೀಂ! ಕೀಂ! ಕೀಂ!"

ಲೋಟ ಕೈಯಿಂದ ಜಾರಿತು. ಒಲೆ ನೋಡಿದಳು. ತಣ್ಣಗಿದೆ. ಹೊಗೆ ಇಲ್ಲ, ಹಬೆ ಇಲ್ಲ, ಮೆಣಸಿನಕಾಯಿಯ ಘಾಟೂ ಇಲ್ಲ. ಅಜ್ಜಿಯಂತೂ ಜಗಲಿಯಲ್ಲಿದ್ದಾರೆ. ಮತ್ತೆ ಈ ಕಿರುಚಪ್ಪ ಯಾರ ಮೇಲೆ ಕಿರುಚುತ್ತಿದೆ?

ಅಪ್ಪ ಮಾಡುವ ಹಾಗೆಯೇ ಟವೆಲ್ ತೆಗೆದುಕೊಂಡು ಬೀಸಿದಳು. ಟವೆಲಿನ ತುದಿ ಡಬ್ಬಿಗೆ ಬಡಿಯಿತು. ಕಿರುಚಾಟ ನಿಂತಿತು. ಬೆಳ್ಳಗೆ ಒಂಚೂರು ಪುಡಿ ಅವಳ ಕೈಮೇಲೆ ಉದುರಿತು.

ಅಕ್ಕಿ ಹಿಟ್ಟೇ? ಚಾವಣಿಗೆ ಅಕ್ಕಿ ಹಿಟ್ಟು ಹೇಗೆ ಹೋಗುತ್ತೆ? ಬೆರಳಿನಿಂದ ಉಜ್ಜಿ ಮೂಸಿದಳು. ದಿನಾ ಬೆಳಗ್ಗೆ ಅಜ್ಜಿಯ ಹಣೆಗೆ ಮುಖ ಇಟ್ಟಾಗ ಬರುವ ವಾಸನೆ. ವಿಭೂತಿ!

ನಿಖಿತಾ ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. ಎಲ್ಲ ನೆನಪಿಗೆ ಬಂತು.

ಆಯುಧಪೂಜೆಯ ದಿನ. "ಮನೇಲಿರೋ ಮಿಷನ್‌ಗೆಲ್ಲ ಈ ಸಲ ನೀನೇ ಪೂಜೆ ಮಾಡು ಪುಟ್ಟಿ," ಎಂದು ಅಜ್ಜಿ ತಟ್ಟೆ ಕೊಟ್ಟಿದ್ದರು. ಮಿಕ್ಸಿ, ಫ್ರಿಜ್ಜು, ಅಪ್ಪನ ಬೈಕು, ಅವಳ ಸೈಕಲ್ಲು ಎಲ್ಲಕ್ಕೂ ಮೂರು ಪಟ್ಟೆ ಎಳೆದಿದ್ದಳು. ಆಮೇಲೆ ತಲೆ ಎತ್ತಿದರೆ, ಅಯ್ಯೋ ಪಾಪ, ಹೊಸ ಡಬ್ಬಿ ಒಂದೇ ಬೋಳಾಗಿತ್ತು. ಯಾರನ್ನೂ ಕೇಳದೆ ಕಟ್ಟೆ ಹತ್ತಿ, ಅದರ ಮೇಲೆ ಸ್ಟೂಲ್ ಇಟ್ಟು ಹತ್ತಿದಳು. ಒದ್ದೆ ವಿಭೂತಿ ಕೈಗೆ ಇಳಿಯಿತೆಂದು ಒಣ ವಿಭೂತಿಯನ್ನೇ ಗಟ್ಟಿಯಾಗಿ ತಿಕ್ಕಿದ್ದಳು. ಸೇವಂತಿಗೆ ನಿಲ್ಲಲಿಲ್ಲವೆಂದು ಒಂದೆರಡು ಎಸಳನ್ನು ಪಕ್ಕದ ಸೀಳಿಗೆ ತುರುಕಿದ್ದಳು. ಎಷ್ಟು ಭಕ್ತಿ!

ಕಿರುಚಾಟ ಶುರುವಾದದ್ದು ಹಬ್ಬದ ಮಾರನೇ ದಿನದಿಂದಲೇ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಬೈಗುಳ ಗ್ಯಾರಂಟಿ. ಸ್ಟೂಲ್ ಹತ್ತಿದ್ದಕ್ಕೆ ಒಂದು, ತಪ್ಪನ್ನು ಅಜ್ಜಿಯ ಮೇಲೆ ಹಾಕಿದ್ದಕ್ಕೆ ಇನ್ನೊಂದು. ಅವಳು ಬಾಗಿಲಿಗೆ ಬಂದಳು. ಜಗಲಿಯಲ್ಲಿ ಅಜ್ಜಿ ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಅದು ಅರ್ಧಕ್ಕೇ ಸಿಕ್ಕಿಕೊಂಡಿತ್ತು.

ನಿಖಿತಾ ಚಪ್ಪಲಿಯನ್ನೂ ಮೆಟ್ಟದೆ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಹತ್ತು ನಿಮಿಷದಲ್ಲಿ ಮುನಾವರ್ ಅಂಕಲ್ಲಿನ ಸ್ಕೂಟರಿನ ಹಿಂದೆ ಕೂತು ವಾಪಸ್ ಬಂದಳು. ಸದ್ದು ಕೇಳಿ ಮನೆಯವರೆಲ್ಲ ಅಡುಗೆಮನೆಗೆ ಬಂದರು. ಅವರು ಏಣಿ ಹತ್ತಿ ಡಬ್ಬಿಯನ್ನು ತಿರುಗಿಸಿ ಕೆಳಗಿಳಿಸಿದರು, ಮುಚ್ಚಳ ಬಿಚ್ಚಿದರು. ಒಳಗೆ ಬೆಳ್ಳನೆ ಪುಡಿ, ಜೊತೆಗೆ ಒಣಗಿದ ಎಸಳು.

"ಯಾ ಅಲ್ಲಾ! ಇದಕ್ಕೆ ಯಾರ್ರೀ ಪೂಜೆ ಮಾಡಿದ್ದು?"

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಅಜ್ಜಿಯ ಕಡೆ ತಿರುಗುವಷ್ಟರಲ್ಲಿ ನಿಖಿತಾ ಜೋರಾಗಿ ಹೇಳಿಬಿಟ್ಟಳು, "ನಾನು! ಅಜ್ಜಿ ಏನೂ ಮಾಡಿಲ್ಲ. ಸ್ಟೂಲ್ ಹತ್ತಿ ನಾನೇ ಹಚ್ಚಿದ್ದು." ಕೊನೆಯ ಮಾತಿಗೆ ಅಳುವೇ ಬಂತು.

ಮುನಾವರ್ ಅಂಕಲ್ ಮೆತ್ತನೆಯ ಬ್ರಷ್‌ನಿಂದ ಪುಡಿಯನ್ನು ಗುಡಿಸುತ್ತಾ ಹೇಳಿದರು, "ಗಾಳೀಲಿ ಸಣ್ಣ ಪುಡಿ ತೇಲಿದ್ರೆ ಇದು ಹೊಗೆ ಅಂತ ತಿಳ್ಕೊಳುತ್ತೆ ಮಗಾ. ಇಲ್ಲಿ ಪುಡಿ ಇದರ ಹೊಟ್ಟೆಯೊಳಗೇ ಇತ್ತು. ಒಂಚೂರು ಒಗ್ಗರಣೆ ಹೊಗೆ ಸೇರಿದ್ರೆ ಸಾಕು, ಕೆಲವು ಸಲ ಅದೂ ಬೇಕಿಲ್ಲ. ಕಿರುಚದೆ ಇನ್ನೇನ್ ಮಾಡುತ್ತೆ?"

"ಮೂಗಿನೊಳಕ್ಕೆ ವಿಭೂತಿ ತುರುಕಿದ್ರೆ ಯಾರ್ ತಾನೇ ಕಿರುಚಲ್ಲ, ಪಾಪ!" ಅಂದರು ಅಜ್ಜಿ. ಡಬ್ಬಿಯ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಅದೇ ಮೊದಲು.

"ಅಮ್ಮಾ, ಬೇಕಾದ್ರೆ ಇದನ್ನ ಹಾಲ್‌ನಲ್ಲಿ ಹಾಕ್ಲಾ?" ಎಂದು ಮುನಾವರ್ ಅಂಕಲ್ ಅಜ್ಜಿಯನ್ನು ಕೇಳಿದರು.

"ಬ್ಯಾಡಪ್ಪಾ ಮುನಾವರ್. ಇದ್ದ ಜಾಗದಲ್ಲೇ ಹಾಕು. ನನ್ನ ಒಗ್ಗರಣೆದು ತಪ್ಪೋ ಅಲ್ವೋ ಎಲ್ರಿಗೂ ಗೊತ್ತಾಗ್ಲಿ." ಮುನಾವರ್ ಅಂಕಲ್ ಡಬ್ಬಿಯನ್ನು ಮತ್ತೆ ಕೂರಿಸಿದರು, ಅಜ್ಜಿ ಸೆರಗು ಸಿಕ್ಕಿಸಿ ಒಲೆ ಹಚ್ಚಿದರು.

ಎಣ್ಣೆ ಕಾಯಿತು. ಸಾಸಿವೆ ಚಟಪಟ ಅಂದಿತು. ಬೆಳ್ಳುಳ್ಳಿ ಬಿತ್ತು, ಕರಿಬೇವು ಬಿತ್ತು. ಕೊನೆಗೆ ಒಣಮೆಣಸಿನಕಾಯಿ, ಒಂದಲ್ಲ, ಆರು! ಅಪ್ಪ ಕೆಮ್ಮಿದರು, ಅಮ್ಮ ಸೀನಿದರು, ಮುನಾವರ್ ಅಂಕಲ್ ಕಣ್ಣು ಉಜ್ಜಿಕೊಂಡರು. ಎಲ್ಲರೂ ಕತ್ತು ಮೇಲೆತ್ತಿ ನಿಂತರು.

ಕಿರುಚಪ್ಪ ಗಪ್‌ಚಿಪ್.

"ತೀರ್ಥೇಶಾ, ಘಮ ಬಂತು, ಸೌಂಡು ಬರ್ಲಿಲ್ವಲ್ಲೋ!" ಎಂದು ಕಾಂಪೌಂಡಿನ ಆಚೆಯಿಂದ ಮುದ್ದಪ್ಪನವರು ಕೂಗಿದರು.

ಅಮ್ಮ ಅಜ್ಜಿಯ ಕೈಯಿಂದ ಸೌಟು ತೆಗೆದುಕೊಂಡು, "ನನ್ನದೂ ತಪ್ಪಾಯ್ತು ಅತ್ತೆ," ಅಂದರು. ಅಪ್ಪ ಬಾಗಿಲ ಬಳಿಯ ಬ್ಯಾಗನ್ನೇ ನೋಡುತ್ತಿದ್ದರು. "ಅವ್ವಾ, ಮತ್ತೆ ನಾಳೆ ಬಸ್ಸು?"

"ಯಾವ ಬಸ್ಸು? ನಾಳೆ ಬಸ್ಸಾರು! ಸೊಪ್ಪು ತಗೊಂಡ್ ಬಾ ಹೋಗು."

ಎಲ್ಲರೂ ನಕ್ಕರು. ಮುನಾವರ್ ಅಂಕಲ್ಲನ್ನೂ ಅಜ್ಜಿ ಬಿಡಲಿಲ್ಲ, ಊಟಕ್ಕೆ ಕೂರಿಸಿದರು. ನಿಖಿತಾಳ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದರು, "ಇವತ್ತಿಂದೂ ಪುಸ್ತಕದಲ್ಲಿ ಬರ್ಕೊಳಮ್ಮ. ಭಾನುವಾರ, ಮೆಣಸಿನಕಾಯಿ ಆರು, ಕಿರುಚಲಿಲ್ಲ ಅಂತ."

ನಿಖಿತಾಳ ತುತ್ತು ಕೈಯಲ್ಲೇ ಉಳಿಯಿತು. ಪುಸ್ತಕದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಅದು ಇದ್ದದ್ದು ಫ್ರಿಜ್ಜಿನ ಮೇಲೆ. ದಿನಾ ಬೆಳಗ್ಗೆ ಫ್ರಿಜ್ಜು ಒರೆಸುವವರು ಅಜ್ಜಿ. ನಾಲ್ಕನೇ ಕ್ಲಾಸಿನವರೆಗೆ ಓದಿದ ಅಜ್ಜಿಗೆ ತನ್ನ ಹೆಸರು ಏಳು ಸಲ ಬರೆದಿದ್ದರೆ ಓದಲು ಬಾರದೆ ಇರುತ್ತದೆಯೇ? ಅಜ್ಜಿ ಸೀರೆ ಮಡಚಿದ್ದು ಕಿರುಚಪ್ಪ ಕೂಗಿದ್ದಕ್ಕಲ್ಲ.

ಅವಳು ಮೆಲ್ಲಗೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅಂಕಲ್ಲಿಗೆ ಇನ್ನೊಂದು ಸೌಟು ಬಡಿಸುವುದರಲ್ಲಿ ಮುಳುಗಿದ್ದರು.

ಊಟವಾದ ಮೇಲೆ ನಿಖಿತಾ ರಬ್ಬರ್ ಹಿಡಿದು ಕೂತಳು. ಏಳು ಅಜ್ಜಿಯನ್ನೂ ಅಳಿಸಿದಳು. ಗಟ್ಟಿಯಾಗಿ ಬರೆದಿದ್ದಳಲ್ಲ, ಹಾಳೆ ತೆಳ್ಳಗಾಯಿತು, ಒಂದು ಕಡೆ ಹರಿದೂ ಹೋಯಿತು. ಅದೇ ಜಾಗದಲ್ಲಿ ಏಳು ಸಲವೂ 'ನಾನು' ಎಂದು ದುಂಡಗೆ ಬರೆದಳು.

ಪುಸ್ತಕವನ್ನು ಮತ್ತೆ ಫ್ರಿಜ್ಜಿನ ಮೇಲೆಯೇ ಇಟ್ಟಳು. ಬೆಳಗ್ಗೆ ಅಜ್ಜಿ ಒರೆಸಲು ಬಂದಾಗ ಕಾಣಲಿ ಎಂದು, ಆ ಪುಟವನ್ನು ತೆರೆದೇ ಇಟ್ಟಳು.