ಸಾಲಿನ ಕೊನೆಯ ಗಂಟೆ

“ಏನಮ್ಮ ಕೌಸಲ್ಯ, ನಿನ್ನ ಕೈ ಕುಂಟ್ತಾ ಇದೆಯಲ್ಲ!”

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶ್ರೀಕಂಠಯ್ಯ ಮೇಷ್ಟ್ರು ಹಾಗೆಂದಾಗ ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ಸೀನಿಯರ್ ಪರೀಕ್ಷೆಗೆ ಇನ್ನು ಹದಿನೈದೇ ದಿನ. ಪಾಸಾದರೆ ತುಮಕೂರಿನಲ್ಲೇ ಕೆಲಸ, ಇಲ್ಲದಿದ್ದರೆ ಕುಣಿಗಲ್ಲಿಗೆ ವಾಪಸ್ಸು ಎಂದು ಅಪ್ಪ ಹೇಳಿಬಿಟ್ಟಿದ್ದರು. ಆದರೆ ಒಂದೇ ಸಮನೆ ಓಡಬೇಕಾದ ಬೆರಳುಗಳು ಒಂದಕ್ಷರ ನಿಧಾನ, ಒಂದಕ್ಷರ ಗಡಿಬಿಡಿ ಮಾಡುತ್ತಿದ್ದವು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಮೆಷಿನ್ನೇ ನಿಂತುಹೋಗುತ್ತಿತ್ತು.

ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಕೆಳಗಡೆ ಮುನಾವರ್ ಪಾಷಾ ಅವರ ಬ್ಯಾಂಡ್‌ಸೆಟ್ ಅಂಗಡಿ. ಒಂದು ತಿಂಗಳಿಂದ ಅಲ್ಲಿ ಯಾರೋ ಹೊಸಬ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಡ್ರಮ್ ಬಾರಿಸಲು ಕೂರುತ್ತಿದ್ದ. ಅದು ಮದುವೆಯದಲ್ಲ, ದೇವಸ್ಥಾನದ್ದೂ ಅಲ್ಲ. ಹಾಗಾದರೆ ಎಂಥದು? ನಿಜ ಹೇಳಬೇಕೆಂದರೆ, ಅವಳು ಮೆಟ್ಟಿಲಿಳಿದದ್ದು ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲಕ್ಕೆ.

“ಯಾರ್ರೀ ಅದು ಬಾರಿಸೋದು?”

ಡ್ರಮ್ಮುಗಳ ಹಿಂದಿನಿಂದ ಒಬ್ಬ ಎದ್ದು ನಿಂತ. ತೋಳು ಮಡಚಿದ ಬಿಳಿ ಷರ್ಟು, ಕೈಯಲ್ಲಿ ಎರಡು ಕೋಲು, ಕಣ್ಣಲ್ಲಿ ತುಂಟತನ.

“ನಾನೇ. ಯೋಗನರಸಿಂಹ. ಗುಬ್ಬಿಯವನು.”

“ನಿಮ್ಮಿಂದ ನಾನು ಫೇಲಾಗ್ತೀನಿ.”

“ನಾನು ನಿಮ್ಮನ್ನ ನೋಡೇ ಇಲ್ವಲ್ಲ!” ಎಂದವನು ತಟ್ಟನೆ ಮೇಲೆ ನೋಡಿದ. “ಕಿಟಕಿ ಪಕ್ಕದ ಮೆಷಿನ್ನು ನಿಮ್ದಾ? ಸಾಲು ಮುಗಿದಾಗ ಎಲ್ಲಾದಕ್ಕಿಂತ ಇಂಪಾಗಿ ಟಿಣ್ ಅನ್ನುತ್ತಲ್ಲ, ಅದು?”

“ಹೂಂ. ಅದಕ್ಕೇನೀಗ?”

“ಆ ಗಂಟೆಗೆ ಕಾದಿದ್ದು ನಾನು ಈ ಹಿತ್ತಾಳೆ ತಟ್ಟೆ, ಸಿಂಬಲ್, ಹೊಡೀತೀನಿ ಕಣ್ರೀ.”

ಅವಳಿಗೆ ಬೈಯಲು ಬಂದದ್ದೇ ಮರೆತುಹೋಯಿತು.

“ಏನದು, ನೀವು ಬಾರಿಸೋದು?”

“ಜಾಜ್. ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ತಾಳ ನೇರವಾಗಿ ನಡೆಯೋದಿಲ್ಲ, ತೂಗ್ತಾ ತೂಗ್ತಾ ಹೋಗುತ್ತೆ.” ಅವನು ಸೈಡ್ ಡ್ರಮ್ಮಿನ ಅಂಚಿನ ಮೇಲೆ ಒಂದು ಉದ್ದ, ಒಂದು ಮೊಟಕು ಪೆಟ್ಟು ಹಾಕಿ ತೋರಿಸಿದ. ಅವಳ ಬೆರಳುಗಳು ಸೀರೆಯ ಸೆರಗಿನ ಮೇಲೆ ತಾವಾಗಿಯೇ ಆಡಿದವು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಅವನ ತಂದೆ ನಾಟಕದ ಕಂಪನಿಗಳಲ್ಲಿ ತಬಲಾ ನುಡಿಸುತ್ತಿದ್ದವರು. ಮಗ ಹದಿನೇಳಕ್ಕೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ, ಹೋಟೆಲ್ ಬ್ಯಾಂಡೊಂದರ ಸಾಮಾನು ಹೊರುತ್ತಾ ಹೊರುತ್ತಾ ಈ ವಿದ್ಯೆ ಕಲಿತಿದ್ದ. ಆ ಬ್ಯಾಂಡು ಚದುರಿಹೋದ ಮೇಲೆ ಮದುವೆ ಮೆರವಣಿಗೆಯೇ ಗತಿಯಾಗಿತ್ತು.

“ಹದಿನೈದು ದಿನ ಬಾರಿಸೋದು ನಿಲ್ಸಿಬಿಡ್ಲಾ?”

“ಬೇಡ!” ಎಂದವಳು ನಾಲಿಗೆ ಕಚ್ಚಿಕೊಂಡಳು. “ಅಂದ್ರೆ... ಬಾರಿಸಿ. ಆದ್ರೆ ಸಮನಾಗಿ.”

ಮಾರನೆಯ ದಿನದಿಂದ ಕೆಳಗಿನಿಂದ ಟಕ್, ಟಕ್, ಟಕ್ ಎಂದು ಸಪ್ಪೆ ಸದ್ದು ಬರತೊಡಗಿತು. ಅದನ್ನು ಹಿಡಿದುಕೊಂಡು ಅವಳ ಬೆರಳುಗಳು ದಾರಿಗೆ ಬಂದವು. ಅವಳು ಮೆಟ್ಟಿಲಿಳಿಯುವಾಗ ಅವನು ಕೋಲನ್ನು ಹಣೆಗೆ ಮುಟ್ಟಿಸಿ ಸಲಾಮು ಮಾಡುತ್ತಿದ್ದ. ಅವಳು ನೋಡದವಳಂತೆ ನೋಡಿ, ಗೇಟು ದಾಟಿದ ಮೇಲೆ ನಗುತ್ತಿದ್ದಳು. ಪ್ರೀತಿ ಎಂಬುದು ಹೀಗೂ ಶುರುವಾಗುತ್ತದೆಯೇ ಎಂದು ಅವಳಿಗೆ ಆಶ್ಚರ್ಯವಾಗುತ್ತಿತ್ತು.

ಪರೀಕ್ಷೆಯಲ್ಲಿ ಒಂದು ಕಡ್ಡಿಯೂ ಸಿಕ್ಕಿಕೊಳ್ಳಲಿಲ್ಲ. ಸಿಹಿಸುದ್ದಿ ಹೇಳಲು ಅವಳು ಅಂಗಡಿಗೆ ಓಡಿದರೆ ಅವನು ಬೆಂಗಳೂರಿಗೆ ಹೋಗಿದ್ದ. ಮೂರು ದಿನ ಕಳೆದ ಮೇಲೂ ಕೆಳಗಿನಿಂದ ಸದ್ದಿಲ್ಲ. ಮತ್ತೆ ವಿಚಾರಿಸಿದಾಗ ಪಾಷಾ ದನಿ ತಗ್ಗಿಸಿದರು.

“ವಾಪಸ್ ಬಂದವ್ನೆ ಕಣಮ್ಮ, ಒಳಗೇ ಕೂತವ್ನೆ. ದಂಡಿನ ದೊಡ್ಡ ಹೋಟೆಲ್‌ನವರು ಟೆಸ್ಟಿಗೆ ಕರೆದಿದ್ರು. ಹದಿನೈದು ದಿನ ಗಡಿಯಾರದ ಥರ ಬಾರಿಸಿ ಬಾರಿಸಿ ಕೈ ಬಿಗಿದ್ಬಿಟ್ಟಿತ್ತಂತೆ. ‘ಇದೇನು ಪೊಲೀಸ್ ಪರೇಡಾ?’ ಅಂದ್ರಂತೆ. ಬರೋ ತಿಂಗಳು ಇನ್ನೊಂದು ಚಾನ್ಸ್ ಕೊಟ್ಟವ್ರೆ. ಇವ್ನು ನೋಡಿದ್ರೆ ಕೋಲೇ ಮುಟ್ತಿಲ್ಲ.”

“ಟೆಸ್ಟ್ ಇರೋದು ಮೊದ್ಲೇ ಯಾಕೆ ಹೇಳ್ಲಿಲ್ಲ ಅವ್ರು?”

“ಹೇಳಿದ್ರೆ ನೀನು ಸಮನಾಗಿ ಬಾರ್ಸಿ ಅಂತಿದ್ಯಾ?”

ಅವಳ ಪಾಸಿಗಾಗಿ ಅವನು ತನ್ನ ಕೈಯನ್ನೇ ಕೆಡಿಸಿಕೊಂಡಿದ್ದ. ಅವಳು ಮೆಟ್ಟಿಲೇರಿ ಮೇಲೆ ಹೋದಳು. ಕ್ಲಾಸು ಮುಗಿದಿತ್ತು, ಮೇಷ್ಟ್ರು ಕಾಫಿಗೆ ಹೋಗಿದ್ದರು. ಕಿಟಕಿ ಪಕ್ಕದ ಮೆಷಿನ್ನಿಗೆ ಹಾಳೆ ಏರಿಸಿ, ವ್ಯಾಪಾರದ ಕಾಗದಗಳ ಕೊನೆಯಲ್ಲಿ ನೂರು ಸಲ ಹೊಡೆದಿದ್ದ ಆ ಇಂಗ್ಲಿಷ್ ಸಾಲನ್ನೇ ಹೊಡೆಯತೊಡಗಿದಳು. ಒಂದು ಉದ್ದ, ಒಂದು ಮೊಟಕು. ಅವನು ಕಲಿಸಿದ ಹಾಗೆ, ಬೇಕೆಂದೇ ಕುಂಟುತ್ತಾ.

ಟಿಣ್. ಕೆಳಗೆ ಸದ್ದಿಲ್ಲ. ಕಡ್ಡಿ ಬಿಡಿಸಿಕೊಂಡು ಮತ್ತೊಂದು ಸಾಲು. ಟಿಣ್. ಇಲ್ಲ. ಮೂರನೆಯ ಗಂಟೆಗೆ ಸಿಂಬಲ್ ಝಲ್ಲೆಂದಿತು.

ಅವಳ ಕಣ್ಣು ತುಂಬಿತು. ಬೆರಳು ನಿಲ್ಲಲಿಲ್ಲ. ಒಂದಿಡೀ ಹಾಳೆ ಇಬ್ಬರೂ ಜೊತೆಯಲ್ಲೇ ನಡೆದರು. ಆಮೇಲೆ ಮೆಟ್ಟಿಲ ಮೇಲೆ ಓಡಿಬರುವ ಹೆಜ್ಜೆ.

“ಕೈಬಿಗಿತ ಬಿಡ್ತು ಕಣ್ರೀ, ಬಿಡ್ತು! ಏನು ಟೈಪ್ ಮಾಡ್ತಿದ್ರಿ?” ಎಂದು ಬಗ್ಗಿ ನೋಡಿದ. ಹಾಳೆಯ ತುಂಬ ಒಂದೇ ಸಾಲು: ನಿಮ್ಮ ಅನುಕೂಲಕರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಅವನು ಒಮ್ಮೆ ಓದಿದ. ಇನ್ನೊಮ್ಮೆ ಓದಿ ಅವಳ ಮುಖ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಇದು ವ್ಯಾಪಾರಸ್ಥರಿಗಾ, ನನಗಾ?”

“ವ್ಯಾಪಾರಸ್ಥರು ಸಿಂಬಲ್ ಹೊಡೀತಾರಾ?”

ಅವನು ಕೋಲುಗಳನ್ನು ಮೇಜಿನ ಮೇಲಿಟ್ಟು, ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ ‘ಯೆಸ್’ ಎಂದು ಒತ್ತಿದ.

“ಗಂಟೆ ಯಾಕೆ ಬರ್ಲಿಲ್ಲ?”

“ಸಾಲು ತುಂಬಬೇಕು. ಆಗ್ಲೇ ಬರೋದು.”

“ತುಂಬಿಸ್ತೀನಿ ಬಿಡಿ,” ಎಂದು ಅವನು ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತ. ಯೆಸ್, ಯೆಸ್, ಯೆಸ್ ಎಂದು ಒತ್ತುತ್ತಲೇ ಹೋದ. ಮೇಷ್ಟ್ರು ಕಾಫಿ ಮುಗಿಸಿ ಬಂದು ಬಾಗಿಲಲ್ಲಿ ಬೆರಗಾಗಿ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ಅವರಿಬ್ಬರೂ ಗಂಟೆಗೆ ಕಾಯುತ್ತಿದ್ದರು.